ಮಂಜಿನ ಮನೆಯ ಅಮ್ಮಗಾರು

ಅಮ್ಮಗಾರು ಹೋದರಂತೆ. ಹಾಗಂತ ನನಗೆ ಹೇಳಿದವನು ಗುಜರಿ ಸಾಮಾನಿನ ಸಾಹೇಬ. ಆದೋನಿಯ ಮಾರ್ಕೆಟ್ಟಿನ ಮೂಲೆಯಲ್ಲಿ ತಳ್ಳುಗಾಡಿ ನಿಲ್ಲಿಸಿ, ತಲೆಯ ಟೋಪಿ ಸರಿಮಾಡಿಕೊಂಡು, "ಟೀಚರಮ್ಮಾ, ನಿಮ್ಮ ಕೋಸಗಿ ಚರ್ಚಿನ ಅಮ್ಮಗಾರು ತೀರಿಕೊಂಡ್ರಂತ್ರಿ. ಮದ್ದಿಕೇರದಾಗ ಮಣ್ಣು ಮಾಡ್ಯಾರ. ನನಗೂ ಮೊನ್ನೆ ತಿಳೀತು," ಎಂದ. ಗಾಡಿಯ ಮೇಲಿನ ಸೀಸೆಗಳನ್ನು ಸರಿಸುತ್ತ, "ಅವರು ಕೊಟ್ಟಂಗ ಸೀಸಾ ತೊಳದು ಒರೆಸಿ ಕೊಟ್ಟೋರು ಈ ಸೀಮ್ಯಾಗ ಇನ್ನೊಬ್ರಿಲ್ಲ ನೋಡ್ರಿ," ಎಂದು ಸೇರಿಸಿದ. ನಾನು ಕಾಯಿಪಲ್ಯ ಕೊಳ್ಳಲು ಬಂದದ್ದು ಮರೆತು ಮನೆಗೆ ವಾಪಸಾದೆ.

ಪಾಸ್ಟರನ್ನು ಅಯ್ಯಗಾರು, ಅವರ ಹೆಂಡತಿಯನ್ನು ಅಮ್ಮಗಾರು ಎನ್ನುವುದು ಆಂಧ್ರದ ಗಡಿಯಲ್ಲಿರುವ ನಮ್ಮ ಕಡೆಯ ರೂಢಿ. ಅವರಿಗೆ ಒಳ್ಳೆಯ ಹೆಸರೊಂದಿತ್ತು, ನನಗೆ ಗೊತ್ತೂ ಇತ್ತು. ಆದರೆ ಅದನ್ನು ಇಲ್ಲಿ ಬರೆದರೆ ಬೇರೆ ಯಾರದೋ ಕಥೆ ಹೇಳಿದ ಹಾಗಾಗುತ್ತದೆ. ಆದ್ದರಿಂದ ಬೇಡ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಕೋಸಗಿಯ ಶಾಲೆಯಲ್ಲಿ ಹೊಸದಾಗಿ ಟೀಚರಾಗಿದ್ದೆ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ನಾನು, ಅವ್ವ ಇಬ್ಬರೇ. ಅವ್ವನದು ಗಟ್ಟಿ ಮಡಿ. ಬೆಳಗ್ಗೆ ಒದ್ದೆ ಸೀರೆ ಉಟ್ಟು ನೀರು ಸೇದುವಾಗ ಕಾಗೆ ಕೂಡ ದಾರಿ ಬಿಟ್ಟು ಹಾರಬೇಕು. ನಮ್ಮ ಹಿತ್ತಿಲಿಗೂ ಚರ್ಚಿನ ಕಾಂಪೌಂಡಿಗೂ ನಡುವೆ ಒಂದು ಮೋಟುಗೋಡೆ. ಗೋಡೆಯಾಚೆ ನಡೆಯುವುದಕ್ಕೂ ತನಗೂ ಏನೇನೂ ಸಂಬಂಧವಿಲ್ಲ ಎಂದು ಹೇಳುತ್ತಲೇ ಅವ್ವ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು, ಕೇಳುತ್ತಿದ್ದಳು.

ಅಮ್ಮಗಾರನ್ನು ನೆನೆಸಿಕೊಂಡರೆ ನನ್ನ ಕಣ್ಣಿಗೆ ಮೊದಲು ಬರುವುದು ಅವರು ಬಗ್ಗುವ ರೀತಿ. ಮಾತಾಡುತ್ತ ಮಾತಾಡುತ್ತ ಎದುರಿಗಿದ್ದವರು ಇದ್ದಕ್ಕಿದ್ದಂತೆ ಕಾಣೆಯಾಗುತ್ತಿದ್ದರು. ನೋಡಿದರೆ ನೆಲದಿಂದ ಒಂದು ಮೊಳೆಯನ್ನೋ ಗುಂಡಿಯನ್ನೋ ಡಬ್ಬಿಯ ಮುಚ್ಚಳವನ್ನೋ ಎತ್ತಿಕೊಂಡು ಏಳುತ್ತಿದ್ದರು. ಸೆರಗಿನಲ್ಲಿ ಒರೆಸಿ, ಬೆಳಕಿಗೆ ಹಿಡಿದು, "ಇದಕ್ಕಿನ್ನಾ ಜೀವ ಐತಿ," ಎನ್ನುವರು. ಮದುವೆ ಮನೆಯಲ್ಲೂ ಅಷ್ಟೇ, ಸಾವಿನ ಮನೆಯಲ್ಲೂ ಅಷ್ಟೇ. ಅಯ್ಯಗಾರು ಬಲು ಮಿತಭಾಷಿ. ಒಮ್ಮೆ ಮಾತ್ರ ಸೈಕಲ್ಲು ಒರೆಸುತ್ತ ನನಗೆ ಹೇಳಿದ್ದರು: "ನನಗೂ ಇನ್ನಾ ಜೀವ ಐತಿ ಅಂತನೇ ಇಟ್ಕೊಂಡಾಳ್ರಿ ಟೀಚರಮ್ಮಾ, ಇಲ್ಲಂದ್ರ ಸಾಹೇಬನ ಗಾಡಿಗೆ ಹಾಕಿರ್ತಿದ್ಲು."

ಚರ್ಚಿನ ಹಿಂದಿನ ಕಾಲನಿಯವರೆಲ್ಲ ಕೂಲಿ ಮಾಡುವ ಜನ. ಭಾನುವಾರದ ಆರಾಧನೆಯಲ್ಲಿ ಕಾಣಿಕೆಯ ಚೀಲ ಬರುವ ಹೊತ್ತಿಗೆ ಹಿಂದೆ ಕೂತ ಹೆಂಗಸರು ತಲೆ ತಗ್ಗಿಸುತ್ತಿದ್ದರಂತೆ. ಕೆಲವರು ಆ ಹೊತ್ತಿಗೆ ಸರಿಯಾಗಿ ಮಗುವನ್ನು ಎತ್ತಿಕೊಂಡು ಹೊರಗೆ ಹೋಗಿಬಿಡುತ್ತಿದ್ದರಂತೆ. ಅಮ್ಮಗಾರು ಅದನ್ನು ಗಮನಿಸಿ ಬಾಗಿಲ ಹತ್ತಿರ ಒಂದು ಗೋಣಿಚೀಲ ಕಟ್ಟಿದರು. "ಮನಿಯಾಗ ಪಾರೇಸೋದು, ಬಿಸಾಕೋದು ಏನೈತೋ ಅದನ್ನ ತರ್ರಿ. ಒಡೆದ ಬಳಿ, ತುಕ್ಕು ಹಿಡಿದ ಡಬ್ಬಿ, ಹರಿದ ಚೀಲ, ಏನಿದ್ರೂ ನಡೀತೈತಿ. ಅದೂ ಕಾಣಿಕಿನೇ," ಎಂದರು. ಮುಂದಿನ ಭಾನುವಾರ ಆ ಹೆಂಗಸರೆಲ್ಲ ಸೆರಗಿನ ಮರೆಯಲ್ಲಿ ಏನಾದರೊಂದು ಹಿಡಿದುಕೊಂಡು ಬಂದರು. ಸಂಘದ ಹಿರಿಯರೊಬ್ಬರಿಗೆ ಸಿಟ್ಟು ಬಂತು. "ಇದು ದೇವರ ಮಂದಿರಾನೋ ಗುಜರಿ ಅಂಗಡಿನೋ?" ಎಂದು ಕೇಳಿದರು. ಅಮ್ಮಗಾರು ಮೆಲ್ಲಗೆ, "ನಮ್ಮಂಥೋರನ್ನೆಲ್ಲಾ ಒಳಗ ಕರಕೊಂಡಾನಲ್ರಿ ದೇವರು, ಡಬ್ಬಿಗೆ ಬ್ಯಾಡ ಅಂತಾನೇನು?" ಎಂದರು. ಹಿರಿಯರು ಗೊಣಗುತ್ತ ಹೋದರು. ಚೀಲ ಅಲ್ಲೇ ಉಳಿಯಿತು.

ಶನಿವಾರ ಮಧ್ಯಾಹ್ನ ಚರ್ಚಿನ ವರಾಂಡದಲ್ಲಿ ಅದನ್ನೆಲ್ಲ ಬೇರೆ ಮಾಡುವ ಕೆಲಸ. ಕಬ್ಬಿಣ ಒಂದು ಕಡೆ, ಗಾಜು ಒಂದು ಕಡೆ, ಕಾಗದ ಒಂದು ಕಡೆ; ಸಾಹೇಬನಿಗೆ ಮಾರಿ ಬಂದ ದುಡ್ಡು ಕಾಣಿಕೆಯ ಚೀಲಕ್ಕೆ. ಸೀಸೆಗಳನ್ನು ಬೂದಿ ಹಾಕಿ ತೊಳೆದು ಸಾಲಾಗಿ ಗೋಡೆಯ ಮೇಲೆ ಒಣಗಲು ಇಡುತ್ತಿದ್ದರು. ಇಳಿಬಿಸಿಲು ಅವುಗಳ ಮೂಲಕ ಹಾದು ನಮ್ಮ ಹಿತ್ತಿಲಿನ ನೆಲದ ಮೇಲೆ ಹಸಿರು, ಕಂದು ಬಣ್ಣದ ಮಚ್ಚೆ ಬೀಳಿಸುತ್ತಿತ್ತು. ಅವ್ವ ಆ ಬಣ್ಣವನ್ನೂ ತುಳಿಯದೆ ಸುತ್ತುಹಾಕಿ ಹೋಗುತ್ತಿದ್ದಳು. ನಾನು ಮಕ್ಕಳ ನೋಟ್‌ಬುಕ್ ತಿದ್ದುವ ನೆಪದಲ್ಲಿ ಗೋಡೆ ದಾಟಿ ಆಚೆ ಹೋಗಿಬಿಡುತ್ತಿದ್ದೆ.

ಹೀಗಿರುವಾಗ ಅವರ ಕೈಗೆ ಒಂದು ಹಳೆಯ ಪರದೇಶದ ಪತ್ರಿಕೆ ಸಿಕ್ಕಿತು. ಅದರಲ್ಲಿ ಒಂದು ಗಾಜಿನ ಮನೆಯ ಚಿತ್ರ. ಹೊರಗೆಲ್ಲ ಹಿಮ, ಒಳಗೆ ಹಸಿರೋ ಹಸಿರು. ಅಮ್ಮಗಾರು ಆ ಹಾಳೆಯನ್ನು ಕಿತ್ತು ಅಡುಗೆಮನೆಯ ಗೋಡೆಗೆ ಅಂಟಿಸಿದರು. ರೊಟ್ಟಿ ಬಡಿಯುತ್ತ ಅದನ್ನೇ ನೋಡುತ್ತ ಇರುತ್ತಿದ್ದರು, ಎಷ್ಟೋ ರೊಟ್ಟಿ ಸೀದುಹೋದವು. ಒಂದು ದಿನ ಆದೋನಿಗೆ ಹೋಗಿ, ಹತ್ತಿಯ ಬೇಲುಗಳಿಗೆ ಬಿಗಿದು ಬಿಸಾಕಿದ ಕಬ್ಬಿಣದ ಪಟ್ಟಿಗಳ ದೊಡ್ಡ ಸುರುಳಿಯೊಂದನ್ನು ಹೊತ್ತು ಪ್ಯಾಸೆಂಜರ್ ಗಾಡಿ ಹತ್ತಿದರು. ಟಿಕೆಟ್ ನೋಡುವವನು, "ಏಂಟಮ್ಮಾ ಇದಿ? ಏನಿದು?" ಎಂದು ಗದರಿದನಂತೆ. ಅಮ್ಮಗಾರು, "ಮನಿ ರೀ. ಮಡಚಿ ತಂದೀನಿ," ಎಂದರಂತೆ. ಅವನು ಪಕ್ಕದವರ ಟಿಕೆಟ್ ಕೇಳಿದನಂತೆ.

ಪಟ್ಟಿಗಳನ್ನು ಕಮಾನಿನಂತೆ ಬಗ್ಗಿಸಿ ನೆಲಕ್ಕೆ ನೆಟ್ಟರು. ಗಾಜಿಗೆ ಎಲ್ಲಿಗೆ ಹೋಗುವುದು? ಗೊಬ್ಬರದ ಚೀಲಗಳ ಒಳಗಿರುತ್ತಿದ್ದ ಪ್ಲಾಸ್ಟಿಕ್ ಹಾಳೆಗಳನ್ನು ಊರೆಲ್ಲ ತಿರುಗಿ ತಂದರು, ತೊಳೆದರು, ಅಂಚಿಗೆ ಅಂಚು ಇಟ್ಟು ಮೇಲೊಂದು ಪೇಪರು ಹಾಸಿ ಕೆಂಡದ ಇಸ್ತ್ರಿಪೆಟ್ಟಿಗೆಯಿಂದ ಅಂಟಿಸಿದರು. ಆ ಭಾನುವಾರ ಅಯ್ಯಗಾರು ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆಯಗಲದ ಕಪ್ಪು ಮಚ್ಚೆಯಿದ್ದ ಅಂಗಿ ತೊಟ್ಟುಕೊಂಡೇ ಪ್ರಸಂಗ ಮಾಡಿದರು.

ಮನೆಯೇನೋ ಎದ್ದಿತು. ಆದರೆ ಎದ್ದದ್ದು ಬೇಸಿಗೆಯ ಬಾಯಿಯಲ್ಲಿ. ಚಿತ್ರದಲ್ಲಿದ್ದಂತೆಯೇ ಗಾಳಿಯಾಡದ ಹಾಗೆ ನಾಲ್ಕೂ ಕಡೆ ಬಿಗಿದು, ಒಳಗೆ ಬದನೆ, ಟೊಮೇಟೊ ಸಸಿ ಇಟ್ಟು ಮುಚ್ಚಿದರು. ಮಾರನೆಯ ದಿನ ಮಧ್ಯಾಹ್ನ ತೆಗೆದು ನೋಡಿದರೆ ಗಮ್ಮೆಂದು ಪಲ್ಯದ ವಾಸನೆ! ಸಸಿಗಳೆಲ್ಲ ಬೆಂದು ಮಲಗಿಬಿಟ್ಟಿದ್ದವು. ಅವ್ವನಿಗೆ ತಡೆಯಲಾಗಲಿಲ್ಲ. ಕಲ್ಲಿನ ಮೇಲಿಂದಲೇ ಕೂಗಿದಳು: "ಏನ್ರೀ ಅಮ್ಮಗಾರು, ಕಾಯಿ ಬಿಡೋತನಕಾ ತಡೀಲಿಕ್ಕೆ ಆಗಲಿಲ್ಲೇನು? ಗಿಡಾನೇ ಬೇಯಿಸಿಬಿಟ್ರಲ್ಲ!"

ಬೇರೆ ಯಾರಾದರೂ ಆಗಿದ್ದರೆ ಅತ್ತುಬಿಡುತ್ತಿದ್ದರು. ಅಮ್ಮಗಾರು ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೌದ್ರೀ ಅವ್ವಾರ, ಹಿಮ ಬೀಳೋ ದೇಶದ ಮನಿ ತಂದು ಕೋಸಗ್ಯಾಗ ಇಟ್ಟೀನಿ. ಇರ್ಲಿ, ಮನಿಗೆ ಬುದ್ಧಿ ಕಲಿಸ್ತೀನಿ."

ಕಲಿಸಿದರು ಕೂಡ. ಬೇವಿನ ಮರದ ಕೆಳಗೆ ಜಾಗ ಬದಲಾಯಿಸಿದರು. ಮೇಲೆ ಸುಣ್ಣ ಬಳಿದರು. ಹಗಲು ಪಕ್ಕದ ಹಾಳೆಗಳನ್ನು ಎತ್ತಿ ಒದ್ದೆ ಗೋಣಿತಾಟು ಇಳಿಬಿಡುವುದು, ಸಂಜೆ ಮತ್ತೆ ಹಾಳೆ ಇಳಿಸಿ ಮುಚ್ಚುವುದು. ರಾತ್ರಿ ತಂಪಿಗೆ ಒಳಗಿನ ಹಸಿಯೆಲ್ಲ ಹಾಳೆಗೆ ಹನಿಯಾಗಿ ಕಟ್ಟುತ್ತಿತ್ತು. ಮುಂಜಾನೆ ಅಮ್ಮಗಾರು ಒಳಗೆ ಹೋಗಿ ಒಂದು ಕಡ್ಡಿಯಿಂದ ಮೇಲಿನ ಹಾಳೆಯನ್ನು ಮೆಲ್ಲಗೆ ತಟ್ಟುವರು. ಪಟಪಟನೆ ಹನಿ ಉದುರುವುದು. "ಮಳಿ ಬಂತು, ಮಳಿ ಬಂತು," ಎಂದು ಗಿಡಗಳಿಗೆ ಹೇಳುವರು. ಹೊರಗೆ ಆಕಾಶದಲ್ಲಿ ಮೋಡದ ಸುಳಿವೇ ಇಲ್ಲ, ಇಲ್ಲಿ ಚರ್ಚಿನ ಕಾಂಪೌಂಡಿನಲ್ಲಿ ದಿನವೂ ಒಂದು ಹಿಡಿ ಮಳೆ. ಕಾಲನಿಯವರು ಅದನ್ನು 'ಮಂಜಿನ ಮನಿ' ಎಂದು ಕರೆದರು.

ಅದರ ಒಳಗೆ ಕೂತ ಮಧ್ಯಾಹ್ನಗಳು ನನಗೆ ಈಗಲೂ ಕನಸಿನಲ್ಲಿ ಬರುತ್ತವೆ. ಸುಣ್ಣದ ಹಾಳೆಯಿಂದ ಸೋಸಿ ಬರುವ ಬೆಳಕು ಹಾಲಿನ ಹಾಗೆ. ಹೊರಗಿನ ಗಾಡಿಯ ಕೂಗು, ಹುಡುಗರ ಗಲಾಟೆ, ಅವ್ವನ ಪಾತ್ರೆಯ ಸದ್ದು ಎಲ್ಲ ಎಲ್ಲೋ ದೂರದ ಊರಿನಲ್ಲಿ ಆಗುತ್ತಿರುವಂತೆ ಕೇಳಿಸುವುದು. ಒದ್ದೆ ಗೋಣಿಯ ವಾಸನೆ, ಟೊಮೇಟೊ ಎಲೆಯ ವಾಸನೆ. ನೋಟ್‌ಬುಕ್ ತೊಡೆಯ ಮೇಲೆ ಹಾಗೇ ತೆರೆದಿರುತ್ತಿತ್ತು, ನನಗೆ ಜೊಂಪು ಹತ್ತುತ್ತಿತ್ತು. ಅಮ್ಮಗಾರು ಎಬ್ಬಿಸುತ್ತಿರಲಿಲ್ಲ. ಅವರು ಗಿಡಗಳ ನಡುವೆ ಓಡಾಡುವ ಸೀರೆಯ ಸರಪರ ಸದ್ದಿನಲ್ಲಿ ನಾನು ಎಷ್ಟು ಸಲ ನಿದ್ದೆ ಮಾಡಿದ್ದೇನೋ ಲೆಕ್ಕವಿಲ್ಲ. ಜೀವನದಲ್ಲಿ ಅಷ್ಟು ನಿಶ್ಚಿಂತೆಯಾಗಿ ನಾನು ಮತ್ತೆಲ್ಲೂ ಕೂತಿಲ್ಲ.

ಗಿಡ ಬೆಳೆಸಲು ಹಾಲಿನ ಪುಡಿಯ ಡಬ್ಬಿ, ಎಣ್ಣೆ ಡಬ್ಬಿಗಳು. ಮುಂದಿನ ಸುಗ್ಗಿಯ ಹೊತ್ತಿಗೆ ಕಾಲನಿಯ ಒಂದೊಂದು ಮನೆಗೂ ಒಂದೊಂದು ಡಬ್ಬಿ. ಅದರಲ್ಲಿ ಬೆಳೆದದ್ದು ಆ ಮನೆಯವರದೇ. ಎಲ್ಲರೂ ತೆಗೆದುಕೊಂಡರು, ಮಾರ್ತಮ್ಮ ಒಬ್ಬಳನ್ನು ಬಿಟ್ಟು. ಮಾರ್ತಮ್ಮ ಗಂಡ ಸತ್ತವಳು, ಒಬ್ಬ ಮಗಳನ್ನು ಕಟ್ಟಿಕೊಂಡು ಪ್ರತಿ ವರ್ಷ ಗುಳೆ ಹೋಗುವವಳು. ಗುಳೆ ಎಂದರೆ ಕೂಲಿಗಾಗಿ ಊರು ಬಿಟ್ಟು ಹೋಗುವುದು. ಸುಗ್ಗಿ ಮುಗಿದ ಮೇಲೆ ಅರ್ಧ ಕಾಲನಿ ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಹೋದರೆ ಬರುವುದು ಮುಂಗಾರಿಗೆ.

"ನನಗ ಬ್ಯಾಡ್ರಮ್ಮಾ," ಎಂದಳು ಮಾರ್ತಮ್ಮ. "ನಾವು ಹೋಗಿ ಬರೋದ್ರಾಗ ಇಲ್ಲಿ ನಮದು ಅಂಬೋದು ಒಂದೂ ಉಳಿಯಂಗಿಲ್ಲ. ಹ್ವಾದ ವರ್ಷ ಬಾಗಲಾ ಕಿತ್ಕೊಂಡು ಹೋಗಿದ್ರು. ಅದರ ಹಿಂದ್ಲ ವರ್ಷ ಕೋಳಿ ಹ್ವಾತು. ಯಾವುದಕ್ಕೂ ಆಸಿ ಮಾಡಬಾರದು ಅಂತ ಮನಸಿಗೆ ಹೇಳಿಬಿಟ್ಟೀನಿ."

ಅಮ್ಮಗಾರು ಒಂದು ಖಾಲಿ ಡಬ್ಬಿ ಎತ್ತಿ ಅವಳ ಮುಂದಿಟ್ಟರು. "ಏನು ಗಿಡ ಬೇಕು ಹೇಳು."

ಮಾರ್ತಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, "ಕರಿಬೇವು," ಎಂದಳು. "ಒಂದು ಎಸಳಿಗೆ ಮಂದಿ ಮನಿ ಮುಂದ ಕೈ ಚಾಚಬೇಕು ನೋಡ್ರಿ."

"ಆತು. ಈ ಸಲ ನಿಂದು ಅಂಬೋದು ಒಂದು ಉಳೀತೈತಿ. ನೀ ಬಂದ ದಿನ ಹಸುರಾಗಿ ನಿನ್ನ ಕೈಗೇ ಕೊಡ್ತೀನಿ. ಕೊಡಲಿಲ್ಲಂದ್ರ ನನ್ನ ಅಮ್ಮಗಾರು ಅನಬ್ಯಾಡ."

ಮಾತು ಕೊಡುವಾಗ ಎಲ್ಲರೂ ಹಾಗೇ ಕೊಡುತ್ತೇವೆ. ಅಮ್ಮಗಾರು ಮಾತ್ರ ಆ ಮಾತಿನ ಒಳಗೇ ಮನೆ ಮಾಡಿಕೊಂಡು ಕೂತರು. ಕಾಲನಿ ಖಾಲಿಯಾದ ಮೇಲೆ ಅವರ ದಿನವೆಲ್ಲ ಮಂಜಿನ ಮನೆಯಲ್ಲೇ. ಡಬ್ಬಿಗಳನ್ನು ಅವರು ಗಿಡದ ಹೆಸರಿನಿಂದಲ್ಲ, ಗುಳೆ ಹೋದ ಒಡೆಯರ ಹೆಸರಿನಿಂದ ಕರೆಯುತ್ತಿದ್ದರು. ಬದನೆ ಗಿಡದ ಮುಂದೆ ಕೂತು, "ಯೋಸೇಪಾ, ಗುಂಟೂರಾಗ ಬಿಸಿಲು ಭಾಳ ಐತಂತಪ್ಪಾ, ತಲಿಗೆ ಬಟ್ಟಿ ಕಟ್ಕೋ," ಎನ್ನುವರು. ಟೊಮೇಟೊ ಗಿಡಕ್ಕೆ, "ಕರುಣಮ್ಮಾ, ನಿನ್ನ ಅತ್ತಿ ಆರಾಮ ಅದಾಳ, ನಿನ್ನೆ ಗಂಜಿ ಕುಡಿದ್ಲು," ಎಂದು ವರದಿ. ಕರಿಬೇವಿನ ಮುಂದೆ ಮಾತ್ರ ಹೆಚ್ಚು ಹೊತ್ತು ಕೂತಿರುತ್ತಿದ್ದರು. ಅದು ಚಿಗುರಲು ತಡಮಾಡುತ್ತಿತ್ತು. "ಮಾರ್ತಮ್ಮಾ, ಇಷ್ಟು ಹಟ ಮಾಡಬ್ಯಾಡವ್ವಾ," ಎಂದು ಬೇಡಿಕೊಳ್ಳುತ್ತಿದ್ದರು. ಅರೆನಿದ್ದೆಯಲ್ಲಿ ಕೇಳುತ್ತಿದ್ದ ನನಗೆ ಆ ಜನರೆಲ್ಲ ಇಲ್ಲೇ ಸಾಲಾಗಿ ಕೂತು ಉಸಿರಾಡುತ್ತಿದ್ದಾರೆ ಅನ್ನಿಸುತ್ತಿತ್ತು.

ಬಿಸಿಲು ನೆತ್ತಿಗೇರಿದ ಹೊತ್ತಿಗೆ ಅಯ್ಯಗಾರಿಗೆ ವರ್ಗವಾಯಿತು. ಆಸ್ಪರಿ ಕಡೆಯ ಒಂದು ಸಣ್ಣ ಚರ್ಚಿಗೆ, ಒಂದೇ ವಾರದೊಳಗೆ ಹೋಗಬೇಕು. ಹೊಸ ಅಯ್ಯಗಾರು ಬರುವ ಮುಂಚೆ ಕಾಂಪೌಂಡು ಸ್ವಚ್ಛ ಮಾಡಿ ಆ ಪ್ಲಾಸ್ಟಿಕ್ ಗುಡಾರ ಕಿತ್ತುಹಾಕಬೇಕು ಎಂದು ಸಂಘದ ಹಿರಿಯರು ತೀರ್ಮಾನಿಸಿದರು. ಗುಳೆ ಹೋದವರು ಬರಲು ಇನ್ನೂ ಬಹಳ ದಿನವಿತ್ತು. ಕಾಲನಿಯಲ್ಲಿ ಉಳಿದ ಮುದುಕರಿಗೆ ಕುಡಿಯುವ ನೀರು ತರುವುದೇ ಸಾಕುಸಾಕಾಗುತ್ತಿತ್ತು. ಡಬ್ಬಿಗಳನ್ನು ಜೊತೆಗೆ ಒಯ್ಯೋಣವೆಂದರೆ ಮಾರ್ತಮ್ಮ ಬಂದು ಹುಡುಕುವುದು ಇಲ್ಲಿ, ಆಸ್ಪರಿಯಲ್ಲಲ್ಲ. ಎರಡು ದಿನ ಅಮ್ಮಗಾರು ಮಂಜಿನ ಮನೆ ಬಿಟ್ಟು ಹೊರಗೆ ಬರಲಿಲ್ಲ. "ಕೊಟ್ಟ ಮಾತು ಹೋಗ್ತೈತಲ್ರೀ ಟೀಚರಮ್ಮಾ," ಎಂದು ನನ್ನ ಕೈ ಹಿಡಿದುಕೊಂಡರು. ನಮ್ಮ ಹಿತ್ತಿಲು ಇತ್ತು, ಬಾವಿಯೂ ಇತ್ತು. ಆದರೆ ಅವ್ವನೂ ಇದ್ದಳಲ್ಲ!

ಮರುದಿನ ಸಂಜೆ ಅಮ್ಮಗಾರು ಮೊದಲ ಸಲ ಗೋಡೆ ಬಿಟ್ಟು ಬೀದಿ ಸುತ್ತಿ ನಮ್ಮ ಮುಂಬಾಗಿಲಿಗೆ ಬಂದರು. ಮೆಟ್ಟಿಲ ಕೆಳಗೇ ನಿಂತರು. ಅವ್ವ ಜಗುಲಿಯ ಮೇಲೆ ಹೂಬತ್ತಿ ಹೊಸೆಯುತ್ತಿದ್ದಳು.

"ಅವ್ವಾರ, ನಿಮ್ಮನ್ನ ಒಂದು ಕೇಳಾಕ ಬಂದೀನಿ. ಇಲ್ಲ ಅಂದ್ರೂ ಬ್ಯಾಸರ ಇಲ್ಲ," ಎಂದು ಎಲ್ಲ ಹೇಳಿದರು.

ಅವ್ವ ತಲೆಯೆತ್ತಲಿಲ್ಲ. ಒಂದು ಬತ್ತಿ ಮುಗಿಸಿ ಇನ್ನೊಂದಕ್ಕೆ ಅರಳೆ ತೆಗೆದುಕೊಂಡಳು. ಆಮೇಲೆ, "ಬೆಳಿಗ್ಗೆ ನನ್ನ ಮಡಿ ಮುಗಿಯೋತನಕಾ ನೀರಿಗೆ ತಡೀತಾವೇನು ಅವು?" ಎಂದು ಕೇಳಿದಳು.

"ತಡೀತಾವ್ರಿ. ಅವರಿಗೆ ತಡಿಯೋದು ರೂಢಿ ಐತಿ," ಎಂದರು ಅಮ್ಮಗಾರು. ಅದರಲ್ಲಿ ಚುಚ್ಚುವ ದನಿ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ಅಷ್ಟೇ. ಅವ್ವ ಈಗ ತಲೆಯೆತ್ತಿ ನೋಡಿದಳು.

"ಹಂಗಿದ್ರ ಗೋಡಿ ಮ್ಯಾಲಿಂದ ಕೊಡ್ರಿ," ಎಂದಳು ಅವ್ವ.

ಒಂದೊಂದೇ ಡಬ್ಬಿ ಗೋಡೆ ದಾಟಿ ನನ್ನ ಕೈಗೆ ಬಂತು. "ಇದು ಯೋಸೇಪು. ಇದು ಕರುಣಮ್ಮ. ಇದು ಮಾರ್ತಮ್ಮ, ಹುಷಾರ್ರೀ, ಈಗಿನ್ನಾ ಚಿಗುರ್ಯಾಳ." ಅವ್ವ ದೂರ ನಿಂತು ಕೋಲಿನಿಂದ ಜಾಗ ತೋರಿಸಿದಳು. ಮಂಜಿನ ಮನೆಯ ಒಂದು ತುಂಡು ಹಾಳೆಯೂ ಬಂತು, ಅದನ್ನು ಮಾವಿನ ಕೊಂಬೆಗೆ ಕಟ್ಟಿದೆವು. ಮಾರನೆಯ ದಿನ ಅಯ್ಯಗಾರು, ಅಮ್ಮಗಾರು ಗಾಡಿ ಹತ್ತಿದರು. ಅಮ್ಮಗಾರು ಕಿಟಕಿಯಿಂದ ಕೈ ಬೀಸಲಿಲ್ಲ. ನಮ್ಮ ಮನೆಯಿದ್ದ ದಿಕ್ಕಿಗೆ ಎರಡೂ ಕೈ ಎತ್ತಿ ಮುಗಿದರು.

ಆ ಬೇಸಿಗೆಯಲ್ಲಿ ನಾನು ನೋಡಿದ ಅವ್ವ ಬೇರೆಯೇ. ಮೊದಮೊದಲು ದೂರದಿಂದ ಚೊಂಬಿನ ನೀರು ಎತ್ತಿ ಸುರಿಯುತ್ತಿದ್ದಳು. ಆಮೇಲೆ ಹುಳು ಹತ್ತಿತೆಂದು ಎಲೆ ಮುಟ್ಟಿದಳು, ಮುಟ್ಟಿ ಮತ್ತೆ ಸ್ನಾನ ಮಾಡಿದಳು. ಬರಬರುತ್ತ ಬಾವಿಯಲ್ಲಿ ನೀರು ಕಡಿಮೆಯಾಗಿದೆ ಎಂಬ ನೆಪ ತೆಗೆದು ಆ ಎರಡನೆಯ ಸ್ನಾನ ಬಿಟ್ಟಳು. "ಏ ಯೋಸೇಪಾ, ಎಷ್ಟು ಕುಡೀತೀಯೋ, ಹೊಟ್ಟಿ ಅದನೋ ಏನು ಕಾಳು ತುಂಬೋ ಹಗೇವು ಅದನೋ!" ಎಂದು ಬೈಯುವುದು ಕೇಳಿದಾಗ ನಾನು ಒಳಗೆ ಬಾಯಿಗೆ ಸೆರಗು ಹಿಡಿದು ನಕ್ಕೆ.

ಮುಂಗಾರಿನ ಮೊದಲ ಮಳೆ ಬಿದ್ದ ವಾರ ಗುಳೆ ಹೋದವರು ವಾಪಸಾದರು. ಮಾರ್ತಮ್ಮ ತಲೆಯ ಮೇಲಿನ ಗಂಟು ಇಳಿಸದೆ, ಮಗಳ ಕೈ ಹಿಡಿದು ಸೀದಾ ಚರ್ಚಿನ ಕಾಂಪೌಂಡಿಗೆ ಬಂದಳು. ಬೇವಿನ ಮರದ ಕೆಳಗೆ ಏನೂ ಇರಲಿಲ್ಲ. ಪಟ್ಟಿ ನೆಟ್ಟ ತೂತುಗಳಲ್ಲಿ ಮಳೆನೀರು ನಿಂತಿತ್ತು. ಅವಳು ಅಳಲಿಲ್ಲ, ಯಾರನ್ನೂ ಕೇಳಲಿಲ್ಲ. ಗಂಟು ಇಳಿಸಿ ಅದರ ಮೇಲೆ ಕೂತು, "ನನಗ ಗೊತ್ತಿತ್ತು ಬಿಡು," ಎಂದು ಮಗಳಿಗೆ ಹೇಳಿದಳು.

ಬಟ್ಟೆ ಒಗೆಯುವ ಕಲ್ಲಿನ ಮೇಲಿಂದ ಅವ್ವನ ದನಿ ಬಂತು: "ಏನು ಗೊತ್ತಿತ್ತ ನಿನಗ? ಏನೂ ಗೊತ್ತಿಲ್ಲ. ಹಿತ್ತಲ ಬಾಗಿಲಿಗೆ ಬಾ."

ಮಾರ್ತಮ್ಮ ಬಂದಳು. ಹೊಸಿಲಿಗಿಂತ ಮೂರು ಮಾರು ದೂರ ನಿಂತಳು. ನಮ್ಮ ಕಡೆ ಕಾಲನಿಯವರಿಗೆ ಏನಾದರೂ ಕೊಡುವುದೆಂದರೆ ನೆಲದ ಮೇಲಿಟ್ಟು ಹಿಂದಕ್ಕೆ ಸರಿಯಬೇಕು, ಆಮೇಲೆ ಅವರು ಬಂದು ಎತ್ತಿಕೊಳ್ಳಬೇಕು. ಅದು ಇಬ್ಬರಿಗೂ ಹುಟ್ಟಿದಾಗಿನಿಂದ ಗೊತ್ತು. ಅವ್ವ ಆಗತಾನೆ ಸ್ನಾನ ಮಾಡಿದ್ದಳು, ಒದ್ದೆ ಸೀರೆಯಲ್ಲೇ ಕರಿಬೇವಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊಸಿಲು ದಾಟಿದಳು. ಮಾರ್ತಮ್ಮ ಕೈ ಮುಗಿದುಕೊಂಡು, ಅವ್ವ ಅದನ್ನು ಕೆಳಗಿಡುವುದನ್ನೇ ಕಾದಳು. ಅವ್ವ ಇಡಲಿಲ್ಲ.

"ಹಿಡಿಯವ್ವಾ. ನನ್ನ ಕೈ ಸೋಲ್ತಾವ," ಎಂದಳು. "ಕೈಗೇ ಕೊಡ್ತೀನಿ ಅಂತ ಅಮ್ಮಗಾರು ನಿನಗ ಮಾತು ಕೊಟ್ಟಿದ್ದು ನಾ ಕೇಳೀನಿ."

ಮಾರ್ತಮ್ಮ ಮುಗಿದ ಕೈಗಳನ್ನು ಬಿಚ್ಚಿದಳು. ಅವು ಮುಂದೆ ಬಂದವು.

ಇದನ್ನು ಅಮ್ಮಗಾರಿಗೆ ಹೇಳಲು ನನಗೆ ಎಷ್ಟೋ ದಿನ ಸಾಧ್ಯವಾಗಲಿಲ್ಲ. ಒಂದೆರಡು ವರ್ಷ ಕಳೆದ ಮೇಲೆ ಆದೋನಿ ಸ್ಟೇಷನ್ನಿನಲ್ಲಿ ಸಿಕ್ಕರು. ಕಂಕುಳಲ್ಲಿ ಖಾಲಿ ಗೊಬ್ಬರದ ಚೀಲಗಳ ಕಟ್ಟು, ಕೂದಲು ಬೆಳ್ಳಗಾಗಿತ್ತು. ಗಾಡಿ ಬರುವ ಹೊತ್ತು. ನಾನು ಅವಸರ ಅವಸರವಾಗಿ ಎಲ್ಲ ಹೇಳಿದೆ. ಅವರು ನನ್ನ ಬಾಯನ್ನೇ ನೋಡುತ್ತ ನಿಂತಿದ್ದರು.

"ಕೈಗೇ ಕೊಟ್ರಾ?" ಎಂದರು.

"ಕೈಗೇ ಕೊಟ್ಲು."

"ಎಷ್ಟು ಎತ್ತರ ಬಂದಿತ್ರಿ ಗಿಡ?"

ನಾನು ಸೊಂಟದ ಹತ್ತಿರ ಅಂಗೈ ಹಿಡಿದು, "ಇಷ್ಟು," ಎಂದೆ. ಅಮ್ಮಗಾರು ಕಟ್ಟನ್ನು ಕೆಳಗಿಟ್ಟು ನನ್ನ ಅಂಗೈ ಪಕ್ಕದಲ್ಲಿ ತಮ್ಮ ಅಂಗೈಯನ್ನೂ ಅಷ್ಟೇ ಎತ್ತರಕ್ಕೆ ಗಾಳಿಯಲ್ಲಿ ಹಿಡಿದರು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಗಾಡಿ ಬಂದು ನಿಂತಿತು, ಜನ ನಮ್ಮನ್ನು ತಳ್ಳಿಕೊಂಡು ಹತ್ತಿದರು, ಇಳಿದರು. ನಾನು ಕೈ ತೆಗೆದೆ. ಅವರು ತೆಗೆಯಲಿಲ್ಲ.